ಮೂರು ಕೋಟೆಗಳ ಒಂದು ಹಗಲು

ಬಹಳ ಬಹಳ ಹಿಂದೆ, ಮೋಡಗಳು ಬೆಟ್ಟದ ಬುಡದಲ್ಲೇ ಮಲಗಿ ಏಳುತ್ತಿದ್ದ ಕಾಲದಲ್ಲಿ, ಮುಮ್ಮಲೆ ಎಂಬ ನಾಡೊಂದಿತ್ತು. ಆ ನಾಡಿಗೆ ಮೂರು ಬೆಟ್ಟ. ಮೂರು ಬೆಟ್ಟದ ಮೇಲೆ ಮೂರು ಕೋಟೆ. ಮೊದಲನೆಯದು ಹಿರಿಗೋಟೆ, ಅದನ್ನು ಕಟ್ಟಿಸಿದವನು ಅರಸುಮನೆತನದ ಮೂಲಪುರುಷ. ಎರಡನೆಯದು ನಡುಗೋಟೆ; ಅಲ್ಲಿ ನಿಂತು ಕಾದಿದವಳು ಲಕ್ಕಲೆ ಎಂಬ ರಾಣಿ. ಮೂರನೆಯದು ಮುಗಿಲುಗೋಟೆ; ಅದನ್ನು ಕಟ್ಟಿಸಿದವನು ಭುಜಬಲರಾಯ. ಕಟ್ಟಿ ಇಪ್ಪತ್ತು ವರ್ಷವಾಗಿತ್ತು, ಅಷ್ಟೇ.

ಆ ನಾಡಿನಲ್ಲಿ ಒಂದು ಕಟ್ಟಳೆ ನಡೆದುಬಂದಿತ್ತು. ಅರಸ ತೀರಿಕೊಂಡ ಮೂರು ತಿಂಗಳೊಳಗೆ ಅವನ ಮಕ್ಕಳಲ್ಲಿ ಒಬ್ಬರು ಸೂರ್ಯ ಹುಟ್ಟುವಾಗ ಹೊರಟು ಸೂರ್ಯ ಮುಳುಗುವುದರೊಳಗೆ ಮೂರೂ ಕೋಟೆಗಳನ್ನು ನೋಡಿ ಮುಗಿಸಬೇಕು. ಅದಕ್ಕೆ ಕೋಟೆನೋಟ ಎಂದು ಹೆಸರು. ಪ್ರತಿ ಕೋಟೆಗೂ ಒಂದು ಕಾವಲು ಇತ್ತು. ಒಳಗೆ ಹೋಗುವವರನ್ನು ಅದು ತಡೆಯುತ್ತಿರಲಿಲ್ಲ. ಹೊರಗೆ ಬರುವವರನ್ನು ನಿಲ್ಲಿಸಿ, "ಏನು ನೋಡಿದೆ?" ಎಂದು ಕೇಳುತ್ತಿತ್ತು. ಸರಿಯಾಗಿ ಹೇಳಿದವರಿಗೆ ದಾರಿ ಬಿಡುತ್ತಿತ್ತು. ಹೇಳಲಾರದವರು ಸೂರ್ಯ ಮುಳುಗುತ್ತಲೇ ಕಲ್ಲಾಗುತ್ತಿದ್ದರು.

ಹಿರಿಗೋಟೆಗೆ ಕಲ್ಲಿನ ಯಾಳಿ ಕಾವಲು. ನಡುಗೋಟೆಗೆ ಎರಡು ತಲೆಯ ಹಕ್ಕಿ ಕಾವಲು. ಮುಗಿಲುಗೋಟೆಗೆ ಮಾತ್ರ ಭುಜಬಲರಾಯ ಮೃಗವನ್ನೂ ಇಡಲಿಲ್ಲ, ಪಕ್ಷಿಯನ್ನೂ ಇಡಲಿಲ್ಲ. ಜಡೆಯ ಶಂಬರ ಎಂಬ ಮಾಯಕಾರನನ್ನು ಇಟ್ಟ.

ಭುಜಬಲರಾಯನಿಗೆ ಇಬ್ಬರು ಮಕ್ಕಳು. ಮಗ ಇರುಗ, ಮಗಳು ಕೇತಲೆ. ರಾಯ ಮಾಗಿಯಲ್ಲಿ ತೀರಿಕೊಂಡ. ತಿಂಗಳು ಕಳೆಯುತ್ತಲೇ ಇರುಗ ಬಿಳಿಯ ಕುದುರೆ ಏರಿ ಕೋಟೆನೋಟಕ್ಕೆ ಹೊರಟ. ಮೊದಲ ಕೋಟೆ ದಾಟಿದನೆಂದು ಸುದ್ದಿ ಬಂತು. ಎರಡನೆಯದನ್ನೂ ದಾಟಿದನೆಂದು ಸುದ್ದಿ ಬಂತು. ಮೂರನೆಯದರಿಂದ ಸುದ್ದಿ ಬರಲಿಲ್ಲ, ಇರುಗನೂ ಬರಲಿಲ್ಲ.

ಮೂರನೆಯ ತಿಂಗಳ ಕೊನೆಗೆ ಶಂಬರನ ಓಲೆ ಬಂತು. "ನಾಳೆ ಕಟ್ಟಳೆಯ ಕೊನೆಯ ದಿನ. ಅರಸನ ಮಕ್ಕಳು ಕೋಟೆನೋಟ ಮುಗಿಸದಿದ್ದರೆ, ಎಲ್ಲಕ್ಕಿಂತ ಎತ್ತರದ ಕೋಟೆ ಯಾರ ಕೈಯಲ್ಲಿದೆಯೋ ನಾಡು ಅವನದು" ಎಂದು ಅದರಲ್ಲಿ ಬರೆದಿತ್ತು.

ಕೇತಲೆಗೆ ಆಗ ಇಪ್ಪತ್ತು ವರ್ಷ. ಅವಳು ಓಲೆಯನ್ನು ಮಡಿಸಿಟ್ಟು, "ನಾನು ಹೋಗುತ್ತೇನೆ" ಎಂದಳು.

ಪ್ರಧಾನಿ ತಲೆ ತಗ್ಗಿಸಿದ. "ಅಮ್ಮಣ್ಣಿ, ಜೊತೆಗೆ ಬರಲು ಯಾರೂ ಒಪ್ಪುತ್ತಿಲ್ಲ. ಮುಗಿಲುಗೋಟೆಯ ಹೆಸರು ಕೇಳಿದರೆ ಆಳುಗಳು ಬಾಗಿಲು ಹಾಕಿಕೊಳ್ಳುತ್ತಿದ್ದಾರೆ."

"ದಾರಿ ಬಲ್ಲವರು ಒಬ್ಬರೂ ಇಲ್ಲವೇ?"

"ಒಬ್ಬಳಿದ್ದಾಳೆ. ಕಲ್ಲುಕುಟಿಗರ ಕೇರಿಯ ದ್ಯಾವಕ್ಕ. ಆದರೆ ಅವಳು ಅರಮನೆಗೆ ಬರುವುದಿಲ್ಲ. ಕರೆದರೂ ಬರುವುದಿಲ್ಲ."

ಹಾಗಾದರೆ ತಾನೇ ಹೋಗುವೆನೆಂದು ಕೇತಲೆ ಕಲ್ಲುಕುಟಿಗರ ಕೇರಿಗೆ ಹೋದಳು. ದ್ಯಾವಕ್ಕ ಅಂಗಳದಲ್ಲಿ ಸೊಪ್ಪು ಸೋಸುತ್ತ ಕುಳಿತಿದ್ದಳು. ನಲವತ್ತೈದರ ಹೆಂಗಸು, ತಲೆಯೆಲ್ಲ ನರೆತಿತ್ತು. ಅರಸುಮಗಳನ್ನು ಕಂಡು ಎದ್ದು ನಿಂತಳು, ಕೈ ಮುಗಿಯಲಿಲ್ಲ.

"ದಾರಿ ತೋರಿಸ್ತೀನಿ ಅಮ್ಮಣ್ಣಿ," ಎಂದಳು, ಕೇತಲೆ ಬಾಯಿ ತೆರೆಯುವ ಮೊದಲೇ. "ಆದ್ರೆ ಒಂದು ಮಾತು. ಮುಗಿಲುಗೋಟೆ ಒಳಗೆ ನನ್ನನ್ನೂ ಕರ್ಕೊಂಡು ಹೋಗ್ಬೇಕು. ಬಾಗಿಲಾಚೆ ನಿಲ್ಲು ಅನ್ನಬಾರದು."

"ಒಳಗೆ ನಿನಗೇನು ಕೆಲಸ, ದ್ಯಾವಕ್ಕ?"

"ನಮ್ಮೋರು ಆ ಕೋಟೆ ಕಟ್ಟೋಕೆ ಹೋಗಿದ್ರು. ಒಟ್ಟು ಎಪ್ಪತ್ತು ಜನ ಹೋಗಿದ್ರು. ಕೋಟೆ ಮುಗಿದ ದಿನ ಉಡುಗೊರೆ ಕೊಡ್ತೀವಿ ಅಂತ ಎಲ್ಲರನ್ನೂ ಒಳಗೆ ಕರೆದ್ರು. ಆಮೇಲೆ ಅರಮನೆಯಿಂದ ಡಂಗುರ ಬಂತು, ಕುಟಿಗರು ಬೇರೆ ಸೀಮೆಗೆ ಕೆಲಸಕ್ಕೆ ಹೋದ್ರು ಅಂತ. ಆಗ ನನಗೆ ಮದುವೆಯಾಗಿ ಎರಡು ವರ್ಷ. ಗಂಡ ನಿನ್ನ ಬಿಟ್ಟು ಹೋದ ಅಂತ ಕೇರಿಯೋರೆಲ್ಲ ಅಂದ್ರು. ಒಂದೊಂದು ದಿನ ನಾನೂ ನಂಬಿಬಿಟ್ಟೆ. ನನಗೆ ಗೊತ್ತಾಗಬೇಕು, ಅಷ್ಟೇ."

ಕೇತಲೆಗೆ ತನ್ನ ತಂದೆ ನೆನಪಾದ. ಅವಳ ತಂದೆ ಮೆಲುದನಿಯ ಮನುಷ್ಯ. ಮಗಳು ಜ್ವರ ಬಂದು ಮಲಗಿದರೆ ಸಭೆ ಬಿಟ್ಟು ಬಂದು ಹಣೆಯ ಮೇಲೆ ಕೈಯಿಟ್ಟು ಕೂರುತ್ತಿದ್ದ. ಆದರೆ ಮುಗಿಲುಗೋಟೆ ತೋರಿಸು ಎಂದು ಅವಳು ಎಷ್ಟು ಸಲ ಕೇಳಿದರೂ, "ಬೇಡ ಮಗಳೇ, ಅಲ್ಲಿ ಗಾಳಿ ಜಾಸ್ತಿ" ಎನ್ನುತ್ತಿದ್ದ.

"ಒಳಗೆ ಬಾ," ಎಂದಳು ಕೇತಲೆ. "ನಾನು ನೋಡಿದ್ದನ್ನು ನೀನೂ ನೋಡು."

ಮರುದಿನ ಸೂರ್ಯನ ಮೊದಲ ಅಂಚು ಕಾಣುತ್ತಲೇ ಇಬ್ಬರೂ ಹೊರಟರು. ಅರಸುಮಗಳು ಮುಂದೆ, ಕುಟಿಗರವಳು ಹಿಂದೆ. ಬೆಟ್ಟದ ಕಲ್ಲುದಾರಿ ಶುರುವಾದಾಗ ಕುಟಿಗರವಳು ಮುಂದಾದಳು, ಅರಸುಮಗಳು ಹಿಂದಾದಳು.

ಬಿಸಿಲು ಬಲಿಯುವ ಮುಂಚೆ ಹಿರಿಗೋಟೆ ಸೇರಿದರು. ಬಾಗಿಲ ಬದಿಯಲ್ಲಿ ಯಾಳಿ ಮಲಗಿತ್ತು. ಸಿಂಹದ ಮೈ, ಆನೆಯ ಸೊಂಡಿಲು, ಮೈತುಂಬ ಪಾಚಿ. ಅದು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು.

ಕೇತಲೆ ಕೋಟೆಯನ್ನೆಲ್ಲ ಸುತ್ತಿದಳು. ಒಂಬತ್ತು ಬುರುಜು ಹತ್ತಿ ಇಳಿದಳು. ಕಬ್ಬಿಣದ ಮೊಳೆ ಹೊಡೆದ ಹೆಬ್ಬಾಗಿಲನ್ನು ಮುಟ್ಟಿ ನೋಡಿದಳು. ಮೂಲಪುರುಷ ಕುಳಿತು ಆಳಿದ ಕಲ್ಲಿನ ಗದ್ದುಗೆಯ ಮುಂದೆ ಕೈ ಮುಗಿದಳು. ಆಮೇಲೆ ಬಾಗಿಲಿಗೆ ಬಂದಳು. ಯಾಳಿ ಎದ್ದು ಅಡ್ಡ ನಿಂತಿತು.

"ಏನು ನೋಡಿದೆ?"

"ಒಂಬತ್ತು ಬುರುಜು ನೋಡಿದೆ. ಉಕ್ಕಿನಂಥ ಬಾಗಿಲು ನೋಡಿದೆ. ನನ್ನ ಹಿರಿಯರ ಗದ್ದುಗೆ ನೋಡಿದೆ."

"ಬುರುಜನ್ನು ಕೆಳಗಿನ ಹೊಲದಲ್ಲಿ ಉಳುವವನೂ ನೋಡುತ್ತಾನೆ," ಎಂದಿತು ಯಾಳಿ. "ಇಷ್ಟು ಮೇಲೆ ಬಂದು ನೀನು ನೋಡಿದ್ದೇನು?"

ಕೇತಲೆ ಮರಳಿ ಒಳಗೆ ಹೋದಳು. ಗದ್ದುಗೆಯ ಮೆಟ್ಟಿಲ ಮೇಲೆ ಕುಳಿತು ಯೋಚಿಸಿದಳು. ದ್ಯಾವಕ್ಕ ಅವಳ ಎದುರಿಗೆ ನಿಂತು ಮೆಟ್ಟಿಲನ್ನೇ ನೋಡುತ್ತಿದ್ದಳು.

"ಏನು ನೋಡುತ್ತಿದ್ದೀಯೆ?"

"ಏನಿಲ್ಲ ಅಮ್ಮಣ್ಣಿ, ಕಲ್ಲುಕೆಲಸದ ಮನೆಯೋಳಲ್ವಾ ನಾನು, ಕಲ್ಲು ನೋಡೋದೇ ಅಭ್ಯಾಸ. ಇನ್ನೂರು ವರ್ಷದ ಮೆಟ್ಟಿಲು ಇದು. ಅಂಚು ನೋಡಿ, ನೆನ್ನೆ ಉಳಿ ಹೊಡೆದ ಹಾಗಿದೆ. ಸವೆದೇ ಇಲ್ಲ."

ಕೇತಲೆ ಬೆರಳಾಡಿಸಿ ನೋಡಿದಳು. ಹೌದು, ಅಂಚು ಬೆರಳಿಗೆ ಚುಚ್ಚುವಷ್ಟು ಚೂಪಾಗಿತ್ತು. ಈ ಮೆಟ್ಟಿಲನ್ನು ಹೆಚ್ಚು ಜನ ಹತ್ತಿಯೇ ಇಲ್ಲ. ಹಾಗಾದರೆ ಜನ ಎಲ್ಲಿ ನಡೆದಾಡಿದರು? ಅವಳು ನೆಲ ನೋಡುತ್ತ ಹೊರಟಳು. ಹಾಸುಗಲ್ಲುಗಳ ನಡುವೆ ಒಂದು ಸವೆದ ಜಾಡು ಕಂಡಿತು. ಜಾಡು ಹಿಡಿದು ಹೋದರೆ ಕೋಟೆಯ ಹಿಂಬದಿಯಲ್ಲಿ ಒಂದು ಹಗೇವು, ಧಾನ್ಯ ತುಂಬಿಡುವ ನೆಲದೊಳಗಿನ ಕಣಜ. ಅದಕ್ಕಿಳಿಯುವ ಮೆಟ್ಟಿಲುಗಳು ಬೋಗುಣಿಯ ಹಾಗೆ ಕುಳಿಬಿದ್ದಿದ್ದವು. ಸಾವಿರಾರು ಪಾದಗಳು, ದೊಡ್ಡವು, ಸಣ್ಣವು, ವರ್ಷಗಟ್ಟಲೆ ಇಳಿದು ಹತ್ತಿದ ಗುರುತು. ಹಗೇವಿನ ಬಾಯಿಗೆ ಬಾಗಿಲಿರಲಿಲ್ಲ. ಬಾಗಿಲು ಕೂರಿಸುವ ತೂತೂ ಇರಲಿಲ್ಲ.

ಅವಳು ಯಾಳಿಯ ಮುಂದೆ ಬಂದು ನಿಂತಳು. "ಗದ್ದುಗೆಯ ಮೆಟ್ಟಿಲು ಸವೆದಿಲ್ಲ, ಕಣಜದ ಮೆಟ್ಟಿಲು ಸವೆದಿದೆ. ಕಣಜಕ್ಕೆ ಬಾಗಿಲೇ ಇಡಲಿಲ್ಲ. ಬರಗಾಲದಲ್ಲಿ ಜನ ಇಲ್ಲಿಗೆ ಹತ್ತಿಬಂದು ಉಂಡರು. ಈ ಕೋಟೆಯನ್ನು ಕಟ್ಟಿದ್ದು ಅದಕ್ಕೆ. ಅದನ್ನು ನೋಡಿದೆ."

ಯಾಳಿ ಸೊಂಡಿಲೆತ್ತಿ ಅವಳ ನೆತ್ತಿ ಮುಟ್ಟಿ, ಪಕ್ಕಕ್ಕೆ ಸರಿದು ಮಲಗಿತು.

ನಡುಗೋಟೆ ಸೇರುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಬಾಗಿಲ ಕಮಾನಿನ ಮೇಲೆ ಎರಡು ತಲೆಯ ಹಕ್ಕಿ ಕುಳಿತಿತ್ತು. ಒಂದು ತಲೆಯ ಕಣ್ಣು ಜೇನಿನ ಬಣ್ಣ, ಇನ್ನೊಂದರದು ಬೂದಿಯ ಬಣ್ಣ. ಅದರ ರೆಕ್ಕೆಯ ನೆರಳೇ ಅಂಗಳದಷ್ಟಿತ್ತು.

ಲಕ್ಕಲೆ ರಾಣಿಯ ಕತೆಯನ್ನು ಕೇತಲೆ ತೊಟ್ಟಿಲ ಹಾಡಿನಲ್ಲೇ ಕೇಳಿದ್ದಳು. ಗಂಡ ಸತ್ತ ಮೇಲೂ ಏಳು ತಿಂಗಳು ಈ ಕೋಟೆಯನ್ನು ಹಿಡಿದು ನಿಂತವಳು. ಶತ್ರುಗಳು ಪೂರ್ವದ ಗೋಡೆ ಕೆಡವಿದಾಗ ಕೋಟೆಯ ಹೆಂಗಸರು ತಮ್ಮ ತಮ್ಮ ಬೀಸುವ ಕಲ್ಲುಗಳನ್ನು ಹೊತ್ತು ತಂದು ಒಂದೇ ದಿನದಲ್ಲಿ ಒಡೆದ ಜಾಗ ಮುಚ್ಚಿದ್ದರು. ಆ ಕಲ್ಲುಗಳು ಇನ್ನೂ ಗೋಡೆಯಲ್ಲಿದ್ದವು. ದುಂಡನೆಯ ಕಲ್ಲು, ನಡುವೆ ತೂತು, ಸಾಲುಸಾಲಾಗಿ. ಕೇತಲೆ ಅವನ್ನು ಕಣ್ತುಂಬ ನೋಡಿದಳು. ಎದೆ ತುಂಬಿ ಬಂತು.

ಬಾಗಿಲಿಗೆ ಬರುತ್ತಲೇ ಹಕ್ಕಿ ಎರಡೂ ಬಾಯಲ್ಲಿ ಒಟ್ಟಿಗೆ ಕೇಳಿತು. "ಏನು ನೋಡಿದೆ?"

"ಬೀಸುವ ಕಲ್ಲಿನ ಗೋಡೆ ನೋಡಿದೆ. ಹಿಟ್ಟಿಲ್ಲದಿದ್ದರೂ ಸರಿ, ಊರು ಉಳಿಯಲಿ ಎಂದ ಹೆಂಗಸರ ಧೈರ್ಯ ನೋಡಿದೆ."

ಜೇನುಗಣ್ಣಿನ ತಲೆ, "ನಿಜ" ಎಂದು ಬಾಗಿತು. ಬೂದಿಗಣ್ಣಿನ ತಲೆ, "ಅರ್ಧ" ಎಂದು ಕೊಕ್ಕು ಕುಟ್ಟಿತು.

ಕೇತಲೆ ಮತ್ತೆ ಒಳಗೆ ಹೋದಳು. ಈಗ ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಹಾಡುಗಳಲ್ಲಿ ಬರುವ ಜಾಗ ಬಿಟ್ಟು ಹಾಡಿನಲ್ಲಿ ಬಾರದ ಜಾಗ ಹುಡುಕಿದಳು. ಪಶ್ಚಿಮದ ಗೋಡೆಯ ಮೂಲೆಯಲ್ಲಿ, ಮುಳ್ಳುಪೊದೆಯ ಹಿಂದೆ, ಒಂದು ದಿಡ್ಡಿ ಬಾಗಿಲು ಸಿಕ್ಕಿತು. ಒಬ್ಬರು ಬಗ್ಗಿ ನುಸುಳುವಷ್ಟು ಸಣ್ಣದು. ಒಳಗಿನಿಂದ ಅಗುಳಿ ಹಾಕಿತ್ತು. ಅಗುಳಿ ತುಕ್ಕುಹಿಡಿದು ಕಚ್ಚಿಕೊಂಡಿತ್ತು. ಇಬ್ಬರೂ ಸೇರಿ ಕಲ್ಲಿನಿಂದ ಗುದ್ದಿ ಗುದ್ದಿ ತೆಗೆದರು. ಹೊರಬದಿಯಲ್ಲಿ ನಿಂತು ಬಾಗಿಲನ್ನು ನೋಡಿದರು.

ಬಾಗಿಲ ಹಲಗೆಯ ತುಂಬ ಉಗುರಿನ ಗೀರು. ಆಳೆತ್ತರದಲ್ಲಿ ಗೀರು, ಸೊಂಟದೆತ್ತರದಲ್ಲಿ ಗೀರು, ಮೊಣಕಾಲೆತ್ತರದಲ್ಲಿ ಗೀರು.

"ಬೆಟ್ಟದ ಕೆಳಗಿನ ಊರಿನೋರು," ಎಂದಳು ದ್ಯಾವಕ್ಕ ಮೆಲ್ಲಗೆ. "ಕಾದಾಟ ಶುರುವಾದಾಗ ಓಡಿಬಂದಿರಬೇಕು."

"ಒಳಗೆ ನೀರು ಕಡಿಮೆ ಇತ್ತೇನೋ," ಎಂದಳು ಕೇತಲೆ. ಹೇಳಿದ ಮೇಲೆ ಅವಳಿಗೇ ಆ ಮಾತು ಸಾಲದು ಅನಿಸಿತು. ಮೊಣಕಾಲೆತ್ತರದ ಗೀರಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದಳು.

ಹಕ್ಕಿಯ ಮುಂದೆ ಬಂದು, "ಎರಡು ನೋಡಿದೆ," ಎಂದಳು. "ಒಂದು ಕಡೆ ಊರನ್ನು ಉಳಿಸಿದ ಗೋಡೆ. ಇನ್ನೊಂದು ಕಡೆ ಮಕ್ಕಳಿಗೂ ತೆರೆಯದ ಬಾಗಿಲು. ಎರಡೂ ಆ ರಾಣಿಯದೇ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನನ್ನಿಂದಾಗದು."

ಎರಡು ತಲೆಗಳೂ ಬಾಗಿದವು. ಹಕ್ಕಿ ಕಮಾನಿನಿಂದ ಇಳಿದು ನೆಲದ ಮೇಲೆ ರೆಕ್ಕೆ ಚಾಚಿತು.

"ಹೊತ್ತು ಇಳಿಯುತ್ತಿದೆ, ಕಣಿವೆ ಆಳ. ಬೆನ್ನ ಮೇಲೆ ಹತ್ತಿ," ಎಂದಿತು ಜೇನುಗಣ್ಣಿನ ತಲೆ.

ಇಬ್ಬರೂ ಹತ್ತಿದರು. ಹಕ್ಕಿ ಮೋಡದೊಳಗೆ ನುಗ್ಗಿತು. ಮೋಡದ ನಡುವೆ ಹಾರುತ್ತ ಬೂದಿಗಣ್ಣಿನ ತಲೆ ಹಿಂದಕ್ಕೆ ತಿರುಗಿತು. "ಅರಸುಮಗಳೇ, ಕೇಳು. ಮುಗಿಲುಗೋಟೆಗೆ ಬಿದ್ದ ಬೀಗ ಕಬ್ಬಿಣದ್ದಲ್ಲ. ತನ್ನ ರಕ್ತದವರ ಬಾಯಲ್ಲಿ ಒಂದು ಮಾತು ಬರುವುದಿಲ್ಲ ಎಂದು ನಿನ್ನ ತಂದೆ ಶಂಬರನಿಗೆ ಆಣೆ ಕೊಟ್ಟಿದ್ದಾನೆ. ಆ ಆಣೆಯೇ ಬೀಗ. ಬೇರೆಯವರು ಎಷ್ಟು ಕೂಗಿದರೂ ಅದು ಕಳಚುವುದಿಲ್ಲ."

"ಯಾವ ಮಾತು?"

"ಅದನ್ನು ನೀನೇ ನೋಡಬೇಕು," ಎಂದು ಹಕ್ಕಿ ಅವರನ್ನು ಮುಗಿಲುಗೋಟೆಯ ಬಾಗಿಲಿಗೆ ಇಳಿಸಿ ಹೊರಟುಹೋಯಿತು.

ಅಂಥ ಕೋಟೆಯನ್ನು ಕೇತಲೆ ಕನಸಿನಲ್ಲೂ ಕಂಡಿರಲಿಲ್ಲ. ಕಲ್ಲಿಗೆ ಕಲ್ಲು ಕೂಡಿದ ಕಡೆ ಕೂದಲೂ ತೂರದು. ಗೋಡೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಬಾಗಿಲ ಮುಂದೆ ಒಂದು ಕಲ್ಲಿನ ಕುದುರೆ, ಅದರ ಪಕ್ಕದಲ್ಲಿ ಒಬ್ಬ ಕಲ್ಲಿನ ಮನುಷ್ಯ.

ಅದು ಇರುಗ. ತುಟಿ ಬಿಗಿಹಿಡಿದು ನಿಂತಿದ್ದ. ಕೆನ್ನೆಯ ಮೇಲೆ ಕಣ್ಣೀರಿನ ಗೆರೆಯೂ ಕಲ್ಲಾಗಿತ್ತು.

"ಅಣ್ಣಾ," ಎಂದು ಕೇತಲೆ ಅವನ ಕೈ ಹಿಡಿದಳು. ಕೈ ತಣ್ಣಗಿತ್ತು.

"ಅವನು ಎಲ್ಲವನ್ನೂ ನೋಡಿದ, ಅಮ್ಮಣ್ಣಿ," ಎಂದಿತು ಒಂದು ದನಿ. "ನೋಡಿ ಬಾಯಿ ಮುಚ್ಚಿಕೊಂಡ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ನಿಜ ಹೇಳಲು ನಾಲಿಗೆ ಬರಲಿಲ್ಲ. ಸೂರ್ಯ ಮುಳುಗುವವರೆಗೂ ಹೀಗೇ ನಿಂತ."

ಬಾಗಿಲಲ್ಲಿ ಜಡೆಯ ಶಂಬರ ನಿಂತಿದ್ದ. ಪಾದದವರೆಗೆ ಇಳಿದ ಕರಿಯ ಜಡೆ, ಒಂದು ಸುಕ್ಕೂ ಇಲ್ಲದ ಮುಖ. ಕೇತಲೆಯ ಅಜ್ಜ ಹುಡುಗನಾಗಿದ್ದಾಗಲೇ ಅವನು ಮುದುಕನಾಗಿದ್ದನೆಂದು ಜನ ಹೇಳುತ್ತಿದ್ದರು. ಈಗ ನೋಡಿದರೆ ಇಪ್ಪತ್ತೈದರ ಜವ್ವನಿಗ.

"ಬನ್ನಿ, ನಾನೇ ತೋರಿಸುತ್ತೇನೆ," ಎಂದು ಅವನು ಮುಂದೆ ನಡೆದ. ಹಗಲಲ್ಲೂ ನಕ್ಷತ್ರ ಕಾಣುವ ಸ್ಫಟಿಕದ ಚಾವಣಿ ತೋರಿಸಿದ. ನೀರು ಕೆಳಗಿನಿಂದ ಮೇಲಕ್ಕೆ ಹರಿಯುವ ಕಾಲುವೆ ತೋರಿಸಿದ. ಮೋಡಗಳು ಕಾಲಡಿಯಲ್ಲಿ ಕುರಿಮಂದೆಯ ಹಾಗೆ ಹೋಗುವ ಬಿಸಿಲುಮಚ್ಚು ತೋರಿಸಿದ. ಪ್ರತಿ ಸಲವೂ, "ಇದೆಲ್ಲ ನಿಮ್ಮ ತಂದೆಯವರ ಕನಸು" ಎಂದ.

ಕೇತಲೆ ನೋಡುತ್ತಿದ್ದಳು. ದ್ಯಾವಕ್ಕ ಮಾತ್ರ ಯಾವುದನ್ನೂ ನೋಡಲಿಲ್ಲ. ಗೋಡೆಗೆ ಅಂಗೈ ಒತ್ತಿಕೊಂಡೇ ನಡೆಯುತ್ತಿದ್ದಳು. ಒಳಗೋಡೆಯ ಹತ್ತಿರ ಬಂದಾಗ ಅವಳ ಕಾಲುಗಳು ನಿಂತವು.

"ಅಮ್ಮಣ್ಣಿ, ಇಲ್ಲಿ ಕೈ ಇಡಿ."

ಕೇತಲೆ ಕೈಯಿಟ್ಟಳು. ಕಲ್ಲು ಬೆಚ್ಚಗಿತ್ತು. ಬಿಸಿಲು ಬೀಳದ ಗೋಡೆ ಅದು. ಮಲಗಿದ ಮನುಷ್ಯನ ಬೆನ್ನಿನ ಹಾಗೆ ಬೆಚ್ಚಗಿತ್ತು. ಕಿವಿಯಿಟ್ಟಳು. ಒಳಗೆ ನಿಧಾನವಾಗಿ ಉಸಿರು ಬಂದು ಹೋಗುತ್ತಿತ್ತು. ಪಕ್ಕದ ಕಲ್ಲಿಗೆ ಕಿವಿಯಿಟ್ಟಳು, ಅಲ್ಲೂ ಉಸಿರು. ಅದರ ಪಕ್ಕದ್ದಕ್ಕೆ ಇಟ್ಟಳು, ಅಲ್ಲೂ ಉಸಿರು. ಗೋಡೆಯ ಉದ್ದಕ್ಕೂ ಎಪ್ಪತ್ತು ಬೆಚ್ಚನೆಯ ಕಲ್ಲುಗಳಿದ್ದವು.

ದ್ಯಾವಕ್ಕ ಒಂದೊಂದನ್ನೇ ಮುಟ್ಟುತ್ತ ಹೋಗಿ ಒಂದು ಕಲ್ಲಿನ ಮುಂದೆ ಕುಸಿದು ಕುಳಿತಳು. "ಬಿಟ್ಟು ಹೋಗಿರಲಿಲ್ಲ," ಎಂದಳು. "ಇಲ್ಲೇ ಇದ್ರು. ಇಪ್ಪತ್ತು ವರ್ಷ ಇಲ್ಲೇ ಇದ್ರು."

ಕೇತಲೆ ಶಂಬರನ ಕಡೆ ತಿರುಗಿದಳು. "ಇದನ್ನು ಮಾಡಿದವನು ನೀನೇ?"

"ಮಾಡಿದವನು ನಾನು. ಮಾಡಿಸಿದವರು ನಿಮ್ಮ ತಂದೆ. ಈ ಕೋಟೆಗೆ ಒಂದು ಗುಟ್ಟಿನ ದಾರಿಯಿದೆ. ಕಟ್ಟಿದವರಿಗೆ ಅದು ಗೊತ್ತಿತ್ತು. ಅವರು ಎಲ್ಲಿಯೂ ಬಾಯಿಬಿಡಬಾರದು ಎಂದರು ರಾಯರು. ಕೊಲ್ಲಲು ಅವರಿಗೆ ಮನಸ್ಸಾಗಲಿಲ್ಲ. ಅದಕ್ಕೆ ನನ್ನನ್ನು ಕರೆಸಿದರು. ಇವರನ್ನು ನಾನು ಕಲ್ಲಾಗಿಸಿದೆ. ಇವರ ಆಯುಷ್ಯ ನನಗೆ ಕೂಲಿ."

"ನಮ್ಮಪ್ಪ ಅತ್ತರೇ?" ಕೇತಲೆಯ ದನಿ ಕೇಳಿಸದಷ್ಟು ಸಣ್ಣಗಿತ್ತು.

"ಒಂದು ದಿನ ಅತ್ತರು. ಆಮೇಲೆ ಅಭ್ಯಾಸವಾಯಿತು."

ಸೂರ್ಯ ಪಶ್ಚಿಮದ ಬೆಟ್ಟಕ್ಕೆ ಒಂದು ಮಾರು ದೂರದಲ್ಲಿದ್ದ. ಶಂಬರ ಒಳಗೋಡೆಯ ಪಕ್ಕದಲ್ಲೇ ಇದ್ದ ಬಿಸಿಲುಮಚ್ಚಿನ ಮೇಲೆ ಅವಳೆದುರು ನಿಂತು ಕಟ್ಟಳೆಯ ಮಾತು ಕೇಳಿದ. "ಏನು ನೋಡಿದೆ?" ಆಮೇಲೆ ದನಿ ತಗ್ಗಿಸಿದ. "ಅಮ್ಮಣ್ಣಿ, ಇಲ್ಲಿನ ಕಾವಲುಗಾರ ನಾನು. ಸರಿಯೋ ತಪ್ಪೋ ಹೇಳುವವನೂ ನಾನೇ. ನನ್ನ ತಂದೆ ಕಟ್ಟಿಸಿದ ಚೆಲುವಾದ ಕೋಟೆ ನೋಡಿದೆ ಎನ್ನಿ, ಸಾಕು. ಅಣ್ಣ ಎದ್ದು ಬರುತ್ತಾನೆ. ಕಿರೀಟ ನಿಮ್ಮದು. ನನಗೆ ಈ ಗೋಡೆ ಸಾಕು. ಇನ್ನೊಂದು ಮಾತು ಹೇಳಿದಿರೋ, ಕೋಟೆನೋಟದ ಕೊನೆ ನೋಡಲು ಕಣಿವೆಯ ತುಂಬ ಜನ ನಿಂತಿದ್ದಾರೆ, ಎಲ್ಲರಿಗೂ ಕೇಳುತ್ತದೆ. ಇಂಥವನ ಮಗಳ ತಲೆಗೆ ಯಾರು ಕಿರೀಟ ಇಡುತ್ತಾರೆ? ಸತ್ತ ತಂದೆಯ ಹೆಸರಿಗೆ ಮಣ್ಣೆರಚಬೇಡಿ."

ಕೇತಲೆಯ ಹಣೆಗೆ ತಂದೆಯ ಅಂಗೈ ನೆನಪಾಯಿತು. ಅದರ ಬಿಸಿ ನೆನಪಾಯಿತು. ಅವಳು ದ್ಯಾವಕ್ಕನನ್ನು ನೋಡಿದಳು.

"ದ್ಯಾವಕ್ಕ, ನಾನೇನು ಮಾಡಲಿ?"

"ನಾನು ಹೇಗೆ ಹೇಳಲಿ ಅಮ್ಮಣ್ಣಿ? ನಿಮ್ಮಪ್ಪ ನಿಮಗೆ ಅಪ್ಪನೇ. ನಾನು ಬೇಡಿಕೊಂಡು, ನೀವು ನನಗೋಸ್ಕರ ಹೇಳಿದ್ರೆ, ನಾಳೆ ನನ್ನನ್ನ ದ್ವೇಷಿಸ್ತೀರಿ. ನನಗೆ ಗೊತ್ತಾಗಬೇಕಿತ್ತು, ಗೊತ್ತಾಯ್ತು." ಅಷ್ಟು ಹೇಳಿ ಅವಳು ಬೆಚ್ಚನೆಯ ಕಲ್ಲಿಗೆ ಕೆನ್ನೆ ಆನಿಸಿ ಕಣ್ಣು ಮುಚ್ಚಿದಳು.

ಕೇತಲೆ ಬಿಸಿಲುಮಚ್ಚಿನ ಅಂಚಿಗೆ ಹೋದಳು. ಕೆಳಗೆ ಮೋಡ ಸರಿದಿತ್ತು. ಕಣಿವೆಯಲ್ಲಿ ಜನ ಎಳ್ಳುಕಾಳಿನ ಹಾಗೆ ನೆರೆದಿದ್ದರು. ಅವಳು ಉಸಿರೆಳೆದುಕೊಂಡಳು.

"ಮುಮ್ಮಲೆಯ ಜನರೇ, ನಾನು ಭುಜಬಲರಾಯನ ಮಗಳು ಕೇತಲೆ," ಎಂದು ಕೂಗಿದಳು. ಬೆಟ್ಟಗಳು ಅವಳ ಮಾತನ್ನು ಹಿಡಿದು ಕಣಿವೆಗೆ ಇಳಿಸಿದವು. "ಈ ಕೋಟೆಯನ್ನು ಕಟ್ಟಿದ ಎಪ್ಪತ್ತು ಜನರನ್ನು ನನ್ನ ತಂದೆ ಉಡುಗೊರೆಯ ನೆವದಲ್ಲಿ ಕರೆಸಿ ಕಲ್ಲಾಗಿಸಿದ. ಅವರ ಹೆಂಡಿರು ಮಕ್ಕಳಿಗೆ ಸುಳ್ಳು ಹೇಳಿದ. ಅವರು ಯಾರನ್ನೂ ಬಿಟ್ಟು ಹೋಗಿಲ್ಲ. ಈ ಗೋಡೆಯಲ್ಲಿ ಉಸಿರಾಡುತ್ತಿದ್ದಾರೆ. ನಾನು ಈ ಕೋಟೆಯಲ್ಲಿ ಅದನ್ನು ನೋಡಿದೆ. ನನ್ನ ತಂದೆಯನ್ನು ಪ್ರೀತಿಸುತ್ತಲೇ ಇದನ್ನು ಹೇಳುತ್ತಿದ್ದೇನೆ."

ಆ ಮಾತು ಮುಗಿಯುತ್ತಲೇ ಕೋಟೆಯ ಬುಡದಲ್ಲಿ ಗುಡುಗಿದಂತಾಯಿತು. ಶಂಬರ ಗೋಡೆ ಹಿಡಿದುಕೊಂಡ. ಅವನ ಜಡೆಯಲ್ಲಿ ಒಂದು ಎಳೆ ಬೆಳ್ಳಗಾಯಿತು. ಆದರೂ ಅವನು ನಕ್ಕ.

"ಬೀಗ ಕಳಚಿತು, ನಿಜ. ಆದರೆ ಕಲ್ಲಾದವರು ಯಾರೆಂದು ಹೇಳದೆ ಯಾರು ಎದ್ದು ಬರುತ್ತಾರೆ? ಅವರ ಹೆಸರು ನಿನ್ನ ಅರಮನೆಯಲ್ಲಿ ಯಾರಿಗೆ ಗೊತ್ತು?"

"ನನಗೆ ಗೊತ್ತು," ಎಂದಳು ದ್ಯಾವಕ್ಕ. ಎದ್ದು ನಿಂತಳು. "ನಮ್ಮ ಕೇರಿಯೋರು ಅವರು. ಮೊದಲನೆಯೋನು ಮಾದೋಜ."

"ಮಾದೋಜ!" ಎಂದು ಕೇತಲೆ ಕೂಗಿದಳು. ಗೋಡೆಯಿಂದ ಒಂದು ಕಲ್ಲು ಜಾರಿತು. ನೆಲ ಮುಟ್ಟುವಾಗ ಅದು ಕಲ್ಲಾಗಿರಲಿಲ್ಲ, ಸೊಂಟಕ್ಕೆ ಉಳಿ ಸಿಕ್ಕಿಸಿಕೊಂಡ ಗಂಡಸಾಗಿತ್ತು.

"ನಂಜೋಜ."

"ನಂಜೋಜ!"

"ಅವನ ತಮ್ಮ ಕೇತೋಜ."

"ಕೇತೋಜ!"

ಒಬ್ಬಳು ಹೇಳಿದಳು, ಒಬ್ಬಳು ಕೂಗಿದಳು. ಒಂದೊಂದು ಹೆಸರಿಗೆ ಒಬ್ಬೊಬ್ಬ ಇಳಿದು ಬಂದ. ಒಬ್ಬೊಬ್ಬ ಇಳಿದಂತೆ ಅವನ ಇಪ್ಪತ್ತು ವರ್ಷ ಶಂಬರನ ಮೈಗೆ ಮರಳಿತು. ಹತ್ತು ಹೆಸರಿಗೆ ಅವನ ಜಡೆ ನರೆಯಿತು. ಮೂವತ್ತು ಹೆಸರಿಗೆ ಬೆನ್ನು ಬಾಗಿತು. ಐವತ್ತು ಹೆಸರಿಗೆ ಅವನು ನೆಲ ಹಿಡಿದ. ಸೂರ್ಯ ಬೆಟ್ಟ ಮುಟ್ಟಿದ, ಅರ್ಧ ಮುಳುಗಿದ. ಅರವತ್ತೊಂಬತ್ತು ಜನ ಹೊರಗೆ ಬಂದು ಕಣ್ಣುಜ್ಜುತ್ತ ನಿಂತರು. ಗೋಡೆಯಲ್ಲಿ ಒಂದು ಕಲ್ಲು ಉಳಿಯಿತು.

ದ್ಯಾವಕ್ಕ ಸುಮ್ಮನಾದಳು.

"ಹೇಳು ದ್ಯಾವಕ್ಕ! ಕೊನೆಯವನ ಹೆಸರು?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಮ್ಮೋರು ಅಮ್ಮಣ್ಣಿ. ಕಟ್ಟಿಕೊಂಡೋರ ಹೆಸರು ಹೆಂಗೆ ಹೇಳಲಿ? ಒಂದು ದಿನವೂ ಹೇಳಿಲ್ಲ. ಹೆಸರಿಟ್ಟು ಕರೆದ್ರೆ ಅವರ ಆಯುಷ್ಯ ಕಡಿಮೆ ಆಗುತ್ತೆ ಅಂತ ನಮ್ಮವ್ವ ಹೇಳಿದ್ಲು."

ನೆಲದ ಮೇಲಿಂದ ಶಂಬರ ಕೆಮ್ಮಿ ನಕ್ಕ. ಬೆಟ್ಟದ ಮೇಲೆ ಸೂರ್ಯ ಉಗುರಿನಷ್ಟು ಉಳಿದಿದ್ದ.

ಕೇತಲೆ ಹೊರಬಂದ ಕುಟಿಗರ ಕಡೆ ತಿರುಗಿದಳು. ಅವರು ಇನ್ನೂ ಅರೆಗಲ್ಲು, ನಾಲಿಗೆ ಆಡುತ್ತಿರಲಿಲ್ಲ. ಅವಳು ದ್ಯಾವಕ್ಕನ ಎರಡೂ ಕೈ ಹಿಡಿದುಕೊಂಡಳು. "ದ್ಯಾವಕ್ಕ, ನಾನು ನನ್ನ ತಂದೆಯ ಹೆಸರನ್ನು ಬಾಯಾರೆ ಹೇಳಿದೆ. ಅದಕ್ಕಿಂತ ಕಷ್ಟವೇ ಇದು?"

ದ್ಯಾವಕ್ಕ ಅವಳ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ, ಸೆರಗು ಬಿಟ್ಟು, ಬೆಟ್ಟ ಬಿರಿಯುವ ಹಾಗೆ ಕೂಗಿದಳು.

"ಸಂಕೋಜಾ!"

"ಸಂಕೋಜ!" ಎಂದು ಕೇತಲೆಯೂ ಕೂಗಿದಳು. ಸೂರ್ಯ ಮುಳುಗಿದ. ಕೊನೆಯ ಕಲ್ಲು ಜಾರಿತು. ಶಂಬರನಿದ್ದ ಜಾಗದಲ್ಲಿ ಒಂದು ಹಿಡಿ ಬೂದಿ ಉಳಿಯಿತು, ಬೆಟ್ಟದ ಗಾಳಿ ಅದನ್ನೂ ಉಳಿಸಲಿಲ್ಲ.

ಸಂಕೋಜ ಇಪ್ಪತ್ತೈದರ ಹುಡುಗನಂತೆ ನಿಂತಿದ್ದ. ಹುಬ್ಬಿನ ಮೇಲೆ ಕಲ್ಲಿನ ಪುಡಿ. ಸುತ್ತಮುತ್ತ ಯಾರನ್ನೋ ಹುಡುಕಿದ. ಎದುರಿಗಿದ್ದ ನರೆಗೂದಲ ಹೆಂಗಸಿಗೆ ವಿನಯದಿಂದ ಕೈ ಮುಗಿದ.

"ಅವ್ವಾ, ನನ್ನ ಹೆಂಡತಿ ದ್ಯಾವಿ ಇಲ್ಲಿಗೆ ಬಂದಿದ್ಲಾ? ಈಗ ತಾನೇ ಅವಳ ದನಿ ಕೇಳಿಸ್ತು. ನನ್ನ ಹೆಸರು ಹಿಡಿದು ಕರೆದ್ಲು. ಏನೋ ಕೆಟ್ಟದ್ದಾಗಿರಬೇಕು, ಇಲ್ಲದಿದ್ರೆ ಕರೆಯೋಳಲ್ಲ."

ದ್ಯಾವಕ್ಕ ಅಳುತ್ತ ನಕ್ಕಳು. ನಗುವುದನ್ನು ಕಂಡು ಸಂಕೋಜನ ಕೈ ಕೆಳಗಿಳಿಯಿತು. ಅವನು ಹತ್ತಿರ ಬಂದು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಕೆತ್ತಿದ ಕಲ್ಲನ್ನು ನೋಡುವ ಹಾಗೆ, ಬೆರಳಿನಿಂದ ಅವಳ ಕಣ್ಣಂಚಿನ ಸುಕ್ಕನ್ನು ಸವರಿದ.

"ಎಷ್ಟು ವರ್ಷ ಆಯ್ತು ದ್ಯಾವಿ?"

"ಇಪ್ಪತ್ತು."

"ಒಬ್ಬಳೇ ಇದ್ಯಾ?"

"ಇದ್ದೆ. ನೀವು ಹಾಗೇ ಇದ್ದೀರಿ, ನಾನು ಮುದುಕಿ ಆದೆ. ಮನೆಗೆ ಬರೋಕೆ ನಾಚಿಕೆ ಆದ್ರೆ ನಾನೇನೂ ಅಂದ್ಕೊಳಲ್ಲ."

"ಇಷ್ಟು ವರ್ಷ ನಾನು ನಿಂತೇ ಇದ್ದೆ, ನೀನು ಓಡಾಡಿದ್ದೀಯ," ಎಂದ ಸಂಕೋಜ. "ಕಾಲು ನೋಯ್ತಿರಬೇಕು. ಬಾ, ಹೆಗಲು ಹಿಡ್ಕೋ. ಇಳಿಯೋಣ."

ಬಾಗಿಲಾಚೆ ಕುದುರೆ ಕೆನೆಯಿತು. ಇರುಗ ಓಡಿಬಂದು ತಂಗಿಯ ಮುಂದೆ ಮಂಡಿಯೂರಿದ. "ನಾನು ಹೇಳಲಾರದ್ದನ್ನು ನೀನು ಹೇಳಿದೆ," ಎಂದ. ಅವಳು ಅವನನ್ನು ಎಬ್ಬಿಸಿ ಎದೆಗೆ ತಲೆಯಿಟ್ಟು, ಅಂದು ಮೊದಲ ಸಲ ಅತ್ತಳು.

ಎಲ್ಲರೂ ಕಣಿವೆಗೆ ಇಳಿದರು. ಕೆಲವರ ಹೆಂಡಿರು ಓಡಿಬಂದು ತಬ್ಬಿಕೊಂಡರು. ಕೆಲವರ ಮಕ್ಕಳು ತಂದೆಯಷ್ಟೇ ಎತ್ತರ ಬೆಳೆದು ನಿಂತಿದ್ದರು. ಹನ್ನೊಂದು ಜನರಿಗಾಗಿ ಯಾರೂ ಬಂದಿರಲಿಲ್ಲ. ಅವರ ಮನೆಯವರು ಕಾದು ಕಾದು ತೀರಿಕೊಂಡಿದ್ದರು. ಆ ಹನ್ನೊಂದು ಜನರ ಜೊತೆ ಕೇತಲೆ ನೆಲದ ಮೇಲೆ ಕುಳಿತಳು. ಅವರು ಬೈದರು, ಕೇಳಿಸಿಕೊಂಡಳು. ಅವರು ಅತ್ತರು, ಎದ್ದು ಹೋಗಲಿಲ್ಲ.

ಮೂರು ದಿನ ನಾಡು ಗದ್ದುಗೆಯ ಮಾತೆತ್ತಲಿಲ್ಲ. ನಾಲ್ಕನೆಯ ದಿನ ಮಾದೋಜ ಅರಮನೆಯ ಮುಂದೆ ನಿಂತು, "ಕೋಟೆನೋಟ ಮುಗಿಸಿದೋರು ಯಾರು?" ಎಂದು ಕೇಳಿದ. "ಕೇತಲೆ" ಎಂದಿತು ಜನ. "ಹಾಗಿದ್ರೆ ಇನ್ನೇನು ಯೋಚನೆ?" ಎಂದ ಅವನು. ಕಿರೀಟವನ್ನು ಅರಮನೆಯ ಪುರೋಹಿತರು ಇಡಲಿಲ್ಲ. ಆ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಹಿರಿಯನಾದವನು ಇಟ್ಟ.

ಎಪ್ಪತ್ತು ಕಲ್ಲು ಕಳಚಿದ ಮುಗಿಲುಗೋಟೆ ಆ ಮಳೆಗಾಲದಲ್ಲೇ ಕುಸಿಯಿತು. ಅದನ್ನು ಮತ್ತೆ ಕಟ್ಟಿರೆಂದು ರಾಣಿ ಕೇತಲೆ ಹೇಳಲಿಲ್ಲ. ಇರುಗ ಗಡಿಯನ್ನು ಕಾದ, ಅವನು ಕಾಯುತ್ತಿದ್ದಷ್ಟು ಕಾಲ ಶತ್ರುಗಳು ಕಣಿವೆಗೆ ಕಾಲಿಡಲಿಲ್ಲ. ಬರ ಬಂದರೆ ಜನ ಹಿರಿಗೋಟೆಗೆ ಹತ್ತಿ ಉಂಡರು, ಯುದ್ಧ ಬಂದರೆ ನಡುಗೋಟೆಯ ದಿಡ್ಡಿ ಬಾಗಿಲಿಂದ ಒಳಗೆ ಬಂದರು. ದ್ಯಾವಕ್ಕ ಅಜ್ಜಿಯಾಗಿ, ಸಂಕೋಜನ ತಲೆಯೂ ನರೆಯುವವರೆಗೆ ಬದುಕಿದಳು. ಕೇರಿಯ ಜನ ಅವರಿಬ್ಬರನ್ನು ನೋಡಿ ಮೊದಮೊದಲು ಪಿಸುಗುಟ್ಟಿದರು, ಆಮೇಲೆ ಮರೆತರು. ಸಂಜೆ ಹೊತ್ತು ಜಗುಲಿಯ ಮೇಲೆ ಕುಳಿತು ಅವಳು ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು, ಅವನು ಓಗೊಡುತ್ತಿದ್ದ. ಅವರೂ ಸುಖವಾಗಿದ್ದರು, ಮುಮ್ಮಲೆಯ ಜನರೂ ಸುಖವಾಗಿದ್ದರು.